ಒಬ್ಬರ ಲ್ಯಾಪ್‌ಟಾಪಲ್ಲಿ ಓಡಿದ್ದು ಎಲ್ಲರ ಲ್ಯಾಪ್‌ಟಾಪಲ್ಲೂ ಓಡಬೇಕಾದರೆ: ಹಗುರ ಕಂಟೇನರ್ ಕಟ್ಟುವ ಬಗೆ

"ರೆಪೊ ಕ್ಲೋನ್ ಮಾಡ್ಕೊಳ್ಳಿ, ಕಾಂಪೋಸ್ ಅಪ್ ಕೊಡಿ, ಓಡತ್ತೆ." ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸಕ್ಕೋ ಇಂಟರ್ನ್‌ಶಿಪ್‌ಗೋ ಸೇರಿದವರು ಮೊದಲ ದಿನ ಕೇಳುವ ಮಾತು ಹೆಚ್ಚೂಕಡಿಮೆ ಇದೇ. ಕಾಲೇಜಿನಲ್ಲಿ ಪೈಥಾನ್, ಜಾವಾ, ಎಸ್‌ಕ್ಯೂಎಲ್ ಓದಿಕೊಂಡು ಬಂದವರಿಗೂ ಈ ಸಾಲಿನ ನಡುವಿನ ತುಂಡು ಹೊಸದು. ಕಮಾಂಡ್ ಕೊಟ್ಟಾಗ ಓಡಿಬಿಟ್ಟರೆ ಸರಿ. ಓಡದಿದ್ದರೆ ಎಲ್ಲಿ ಕೈಯಿಡಬೇಕೆಂದೇ ತಿಳಿಯುವುದಿಲ್ಲ. ಫೈನಲ್ ಇಯರ್ ಪ್ರಾಜೆಕ್ಟ್ ಮಾಡುವ ನಾಲ್ಕು ಜನರ ತಂಡಕ್ಕೂ ಇದೇ ಕಷ್ಟ: ಒಬ್ಬರ ಬಳಿ ವಿಂಡೋಸ್, ಒಬ್ಬರ ಬಳಿ ಉಬುಂಟು, ಇನ್ನೊಬ್ಬರ ಬಳಿ ಮ್ಯಾಕ್. ಡೆಮೊ ದಿನ ಎಕ್ಸಾಮಿನರ್ ಮುಂದೆ ಕೊನೆಗೆ ಉಳಿಯುವುದು "ನನ್ನ ಲ್ಯಾಪ್‌ಟಾಪಲ್ಲಿ ಓಡ್ತಿತ್ತು ಸರ್" ಅನ್ನುವ ಮಾತು.

ಆ ಕಮಾಂಡಿನ ಹಿಂದಿರುವ ಕಂಟೇನರ್ ಅಂದರೆ ಏನು, 8 ಜಿಬಿ ರ್‍ಯಾಮ್ ಇರುವ ಸಾಮಾನ್ಯ ಲ್ಯಾಪ್‌ಟಾಪ್‌ನಲ್ಲಿ ಅದನ್ನು ಹಗುರವಾಗಿ ಕಟ್ಟುವುದು ಹೇಗೆ, ಎಲ್ಲೆಲ್ಲಿ ಕೈಕೊಡುತ್ತದೆ ಎಂಬುದನ್ನು ಬುಡದಿಂದ ನೋಡೋಣ. ಕಮಾಂಡುಗಳನ್ನೂ ಫೈಲಿನ ಸಾಲುಗಳನ್ನೂ ಇಲ್ಲಿ ಓದುವ ಉಚ್ಚಾರದಲ್ಲೇ ಕನ್ನಡದಲ್ಲಿ ಬರೆದಿದೆ. ಟರ್ಮಿನಲ್‌ನಲ್ಲಿ ಮಾತ್ರ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಬೇಕು.

ಕೋಡ್ ಒಂದೇ ಇದ್ದರೂ ಓಡದಿರುವುದು ಏಕೆ

ವೆಬ್ ಆ್ಯಪ್ ಅಂದರೆ ನಾವು ಬರೆದ ಕೋಡ್ ಅಷ್ಟೇ ಅಲ್ಲ. ಅದರ ಕೆಳಗೆ ಪೈಥಾನ್‌ನ ಒಂದು ನಿರ್ದಿಷ್ಟ ಆವೃತ್ತಿ ಇರುತ್ತದೆ, ಅದರ ಮೇಲೆ ಹತ್ತಿಪ್ಪತ್ತು ಲೈಬ್ರರಿಗಳಿರುತ್ತವೆ. ಆ ಲೈಬ್ರರಿಗಳು ಆಪರೇಟಿಂಗ್ ಸಿಸ್ಟಮ್‌ನ ಕೆಲವು ಫೈಲುಗಳನ್ನು ನಂಬಿಕೊಂಡಿರುತ್ತವೆ. ಪಕ್ಕದಲ್ಲಿ ಡೇಟಾಬೇಸ್ ಒಂದು ಓಡುತ್ತಿರಬೇಕು. ಪಾಸ್‌ವರ್ಡ್, ಪೋರ್ಟ್, ಟೈಮ್‌ಝೋನ್ ಸೆಟ್ಟಿಂಗುಗಳು ಬೇರೆ. ಇವೆಲ್ಲ ಸೇರಿದ್ದೇ ಡೆವಲಪ್‌ಮೆಂಟ್ ಪರಿಸರ.

ತಂಡದವರೆಲ್ಲ ಹಂಚಿಕೊಳ್ಳುವ ಕೋಡಿನ ಕಣಜವಾದ ಗಿಟ್ ರೆಪೊದಲ್ಲಿ ಹೋಗುವುದು ಕೋಡ್ ಮಾತ್ರ. ಉಳಿದದ್ದು ಆಯಾ ಲ್ಯಾಪ್‌ಟಾಪಿನಲ್ಲಿ, ಅದಕ್ಕಿಂತ ಹೆಚ್ಚಾಗಿ ಅದನ್ನು ಕಟ್ಟಿದವರ ನೆನಪಿನಲ್ಲಿ ಇರುತ್ತದೆ. ಆರು ತಿಂಗಳ ಹಿಂದೆ ಯಾವ ಲೈಬ್ರರಿಯನ್ನು ಕೈಯಾರೆ ಹಾಕಿದ್ದೆವು, ಯಾವ ಸೆಟ್ಟಿಂಗ್ ಬದಲಿಸಿದ್ದೆವು ಎಂದು ಯಾರಿಗೂ ನೆನಪಿರುವುದಿಲ್ಲ. ಕಂಟೇನರ್ ಮಾಡುವ ಕೆಲಸ ಇಷ್ಟೇ: ಆ ನೆನಪನ್ನು ಎರಡು ಸಣ್ಣ ಫೈಲುಗಳಲ್ಲಿ ಬರೆಸಿ, ಕೋಡ್ ಜೊತೆಗೇ ರೆಪೊದಲ್ಲಿ ಇರಿಸುತ್ತದೆ.

ಸ್ವಂತ ಮನೆಯೂ ಅಪಾರ್ಟ್‌ಮೆಂಟಿನ ಫ್ಲಾಟೂ

ಕಂಟೇನರ್ ಬರುವ ಮುಂಚೆ ಇದಕ್ಕೆ ವರ್ಚುವಲ್ ಮಷೀನ್ ಬಳಸುತ್ತಿದ್ದರು. ಅದು ಸೈಟ್ ಕೊಂಡು ಸ್ವಂತ ಮನೆ ಕಟ್ಟಿದ ಹಾಗೆ. ಬೋರ್‌ವೆಲ್, ಸಂಪು, ಓವರ್‌ಹೆಡ್ ಟ್ಯಾಂಕ್, ಎಲ್ಲವೂ ಪ್ರತ್ಯೇಕ. ಪ್ರತಿ ವರ್ಚುವಲ್ ಮಷೀನ್ ಒಳಗೂ ಪೂರ್ತಿ ಆಪರೇಟಿಂಗ್ ಸಿಸ್ಟಮ್ ಒಂದು ಓಡುತ್ತಿರುತ್ತದೆ. ಒಂದು ಜಿಬಿಯೋ ಎರಡು ಜಿಬಿಯೋ ರ್‍ಯಾಮ್ ಅದಕ್ಕೇ ಮೀಸಲಿಡಬೇಕು, ಶುರುವಾಗಲು ಸಮಯ ಬೇಕು.

ಕಂಟೇನರ್ ಅಪಾರ್ಟ್‌ಮೆಂಟಿನ ಫ್ಲಾಟ್ ಇದ್ದಂತೆ. ಇಡೀ ಕಟ್ಟಡಕ್ಕೆ ಸಂಪು ಒಂದೇ, ಬೋರ್‌ವೆಲ್ ಒಂದೇ, ಪಾಯ ಒಂದೇ. ಆದರೆ ಪ್ರತಿ ಮನೆಗೂ ಅದರದೇ ಗೋಡೆ, ಬಾಗಿಲು, ಬೀಗ. ಇಲ್ಲಿ ಹಂಚಿಕೊಂಡ ಸಂಪು ಅಂದರೆ ಲಿನಕ್ಸ್ ಕರ್ನಲ್, ಅಂದರೆ ಹಾರ್ಡ್‌ವೇರ್ ಜೊತೆ ನೇರವಾಗಿ ವ್ಯವಹರಿಸುವ ಆಪರೇಟಿಂಗ್ ಸಿಸ್ಟಮ್‌ನ ತಿರುಳು. ಕಂಟೇನರ್ ತನ್ನದೇ ಕರ್ನಲ್ ತರುವುದಿಲ್ಲ. ಅದಕ್ಕೇ ಅದು ಹಗುರ, ಅದಕ್ಕೇ ಕ್ಷಣದಲ್ಲಿ ಶುರುವಾಗುತ್ತದೆ.

ಗೋಡೆಯ ಕೆಲಸ ಮಾಡುವುದು ಕರ್ನಲ್‌ನಲ್ಲಿರುವ ನೇಮ್‌ಸ್ಪೇಸ್ ಎಂಬ ವ್ಯವಸ್ಥೆ: ಒಂದು ಕಂಟೇನರ್ ಒಳಗಿನ ಪ್ರೋಗ್ರಾಮ್‌ಗೆ ಇನ್ನೊಂದರ ಫೈಲುಗಳಾಗಲಿ, ಪ್ರೋಗ್ರಾಮುಗಳಾಗಲಿ ಕಾಣುವುದಿಲ್ಲ. ನೀರಿನ ಮೀಟರ್ ಕೆಲಸ ಮಾಡುವುದು ಸಿಗ್ರೂಪ್: ಈ ಕಂಟೇನರ್‌ಗೆ ಇಷ್ಟೇ ರ್‍ಯಾಮ್, ಇಷ್ಟೇ ಸಿಪಿಯು ಎಂದು ಮಿತಿ ಹಾಕುತ್ತದೆ. ಪ್ರೋಗ್ರಾಮ್ ಒಂದಕ್ಕೆ ಒಂದೇ ಫೋಲ್ಡರ್ ಇಡೀ ಜಗತ್ತು ಎಂದು ತೋರಿಸುವ ಉಪಾಯ 1979ರ ಯೂನಿಕ್ಸ್‌ನಲ್ಲೇ ಇತ್ತು. ಸಿಗ್ರೂಪ್ ಕೆಲಸವನ್ನು ಗೂಗಲ್‌ನ ಎಂಜಿನಿಯರುಗಳು 2006ರಲ್ಲಿ ಶುರುಮಾಡಿದರು. 2008ರಲ್ಲಿ ಅದು ಲಿನಕ್ಸ್ ಕರ್ನಲ್‌ಗೆ ಸೇರಿತು. ಇವನ್ನೆಲ್ಲ ಸಾಮಾನ್ಯ ಡೆವಲಪರ್ ಬಳಸುವ ಹಾಗೆ ಒಂದು ಕಮಾಂಡಿನಲ್ಲಿ ಕಟ್ಟಿಕೊಟ್ಟದ್ದು ಡಾಕರ್. 2013ರ ಮಾರ್ಚ್‌ನಲ್ಲಿ ಸಾಲೊಮನ್ ಹೈಕ್ಸ್ ಅದನ್ನು ಪೈಥಾನ್ ಡೆವಲಪರುಗಳ ಸಮ್ಮೇಳನವೊಂದರಲ್ಲಿ ಮೊದಲು ಸಾರ್ವಜನಿಕವಾಗಿ ತೋರಿಸಿದರು. 2015ರಿಂದ ಕಂಟೇನರ್ ರೂಪಕ್ಕೆ ಎಲ್ಲರೂ ಒಪ್ಪಿದ ಮುಕ್ತ ಮಾನದಂಡ ರೂಪಿಸುವ ಸಂಸ್ಥೆಯೂ ಇದೆ. ಹಾಗಾಗಿ ಡಾಕರ್‌ನಲ್ಲಿ ಕಟ್ಟಿದ ಇಮೇಜ್ ಪಾಡ್‌ಮನ್‌ನಂಥ ಬೇರೆ ಸಾಧನದಲ್ಲೂ ಓಡುತ್ತದೆ.

ಇಮೇಜ್, ಕಂಟೇನರ್, ವಾಲ್ಯೂಮ್

ಈ ಮೂರು ಪದ ಗಟ್ಟಿಯಾದರೆ ಅರ್ಧ ಗೊಂದಲ ಕಳೆಯುತ್ತದೆ.

ಇಮೇಜ್ ಅಂದರೆ ಓಡಲು ಬೇಕಾದ ಎಲ್ಲ ಫೈಲುಗಳ ಸಿದ್ಧ ಗಂಟು. ಅದನ್ನು ಬದಲಿಸಲಾಗದು, ಓದಬಹುದು ಅಷ್ಟೇ. ಆ ಇಮೇಜಿನಿಂದ ಎಬ್ಬಿಸಿ ಓಡಿಸಿದ ಪ್ರತಿಯೇ ಕಂಟೇನರ್. ಒಂದೇ ಇಮೇಜಿನಿಂದ ಹತ್ತು ಕಂಟೇನರ್ ಎಬ್ಬಿಸಬಹುದು. ಕಂಟೇನರ್ ಅಳಿಸಿದರೆ ಅದರೊಳಗೆ ಬರೆದದ್ದೆಲ್ಲ ಹೋಗುತ್ತದೆ. ಹೋಗಬಾರದ್ದನ್ನು, ಮುಖ್ಯವಾಗಿ ಡೇಟಾಬೇಸ್ ಫೈಲುಗಳನ್ನು, ಹೊರಗೆ ಇಡುವ ಜಾಗವೇ ವಾಲ್ಯೂಮ್.

ಇಮೇಜ್ ಪದರ ಪದರವಾಗಿ ಕಟ್ಟಿಕೊಳ್ಳುತ್ತದೆ. ಇಡ್ಲಿ ಮಾಡುವವರಿಗೆ ಇದು ಸುಲಭವಾಗಿ ಹಿಡಿಯುತ್ತದೆ. ಅಕ್ಕಿ, ಉದ್ದಿನಬೇಳೆ ನೆನೆಹಾಕಿ, ರುಬ್ಬಿ, ರಾತ್ರಿಯಿಡೀ ಹುದುಗು ಬರಿಸುವುದು ನಿಧಾನದ ಕೆಲಸ. ಒಮ್ಮೆ ಮಾಡಿಟ್ಟರೆ ಬೆಳಿಗ್ಗೆ ಬೇಕೆಂದಾಗ ಹತ್ತು ನಿಮಿಷದಲ್ಲಿ ಬೇಯಿಸಬಹುದು. ಹೊತ್ತು ಹೊತ್ತಿಗೆ ಬದಲಾಗುವುದು ಚಟ್ನಿ ಮಾತ್ರ. ಲೈಬ್ರರಿ ಇನ್‌ಸ್ಟಾಲ್ ಮಾಡುವುದು ಹಿಟ್ಟು. ನಮ್ಮ ಕೋಡ್ ಚಟ್ನಿ. ಚಟ್ನಿ ಬದಲಾದಾಗಲೆಲ್ಲ ಹಿಟ್ಟನ್ನು ಹೊಸದಾಗಿ ರುಬ್ಬುವಂತೆ ಫೈಲ್ ಬರೆದರೆ ಪ್ರತಿ ಸಲ ಐದು ನಿಮಿಷ ಕಾಯಬೇಕು. ಒಂದು ಪದರ ಬದಲಾದರೆ ಅದರ ಮೇಲಿನ ಪದರಗಳೆಲ್ಲ ಮತ್ತೆ ಕಟ್ಟಿಕೊಳ್ಳುತ್ತವೆ, ಕೆಳಗಿನವು ಹಾಗೇ ಉಳಿಯುತ್ತವೆ. ಈ ಒಂದು ನಿಯಮದಿಂದಲೇ ಮುಂದೆ ಬರುವ ಸಾಲುಗಳ ಕ್ರಮ ತೀರ್ಮಾನವಾಗುತ್ತದೆ.

ಹಗುರ ಅಂದರೆ ಎಷ್ಟು ಹಗುರ

ಪ್ರತಿ ಇಮೇಜ್ ಇನ್ನೊಂದು ಇಮೇಜಿನ ಮೇಲೆ ನಿಲ್ಲುತ್ತದೆ. ಅದಕ್ಕೆ ಬೇಸ್ ಇಮೇಜ್ ಎನ್ನುತ್ತಾರೆ. ತೂಕದ ಬಹುಪಾಲು ತೀರ್ಮಾನವಾಗುವುದು ಇಲ್ಲೇ. ಪೈಥಾನ್ 3.12ರ ಅಧಿಕೃತ ಇಮೇಜ್ ಮೂರು ಬಗೆಯಲ್ಲಿ ಸಿಗುತ್ತದೆ. ಹೆಸರಿನ ಮುಂದೆ ಏನೂ ಸೇರಿಸದಿದ್ದರೆ ಬರುವುದು ಪೂರ್ತಿ ಇಮೇಜ್: ಡಿಸ್ಕಿನಲ್ಲಿ ಬಿಚ್ಚಿಕೊಂಡಾಗ ಸುಮಾರು 1 ಜಿಬಿ. ಸಿ ಕಂಪೈಲರ್‌ನಿಂದ ಹಿಡಿದು ಗಿಟ್‌ವರೆಗೆ ಅದರಲ್ಲಿ ಎಲ್ಲವೂ ಇದೆ. ಸ್ಲಿಮ್ ಎಂಬುದು 100ರಿಂದ 150 ಎಂಬಿ ಆಸುಪಾಸಿನದು. ಡೆಬಿಯನ್ ಲಿನಕ್ಸ್ ಮೇಲೆಯೇ ನಿಂತಿದೆ, ಬೇಡದ್ದನ್ನು ತೆಗೆದಿದ್ದಾರೆ. ಮೂರನೆಯದು ಆಲ್ಪೈನ್, ಸುಮಾರು 50 ಎಂಬಿ.

ಚಿಕ್ಕದೇ ಒಳ್ಳೆಯದು ಎಂದು ಆಲ್ಪೈನ್‌ಗೆ ಕೈಹಾಕುವವರು ಹೆಚ್ಚು. ಪೈಥಾನ್ ಆ್ಯಪ್‌ಗೆ ಅದು ಹಲವು ಸಲ ತಿರುಗುಬಾಣವಾಗುತ್ತದೆ. ಬಹುತೇಕ ಲಿನಕ್ಸ್‌ಗಳಲ್ಲಿ ಇರುವ ಗ್ಲಿಬ್‌ಸಿ ಎಂಬ ಮೂಲ ಲೈಬ್ರರಿಯ ಬದಲು ಆಲ್ಪೈನ್ ಮಸಲ್ ಎಂಬ ಬೇರೊಂದನ್ನು ಬಳಸುತ್ತದೆ. ಪೈಥಾನ್ ಲೈಬ್ರರಿಗಳು ಮೊದಲೇ ಕಂಪೈಲ್ ಆಗಿ ಬರುವ ಗಂಟುಗಳಿಗೆ ವ್ಹೀಲ್ ಎಂದು ಹೆಸರು. ಗ್ಲಿಬ್‌ಸಿಗಾಗಿ ಮಾಡಿದ ವ್ಹೀಲ್ ಮಸಲ್‌ನಲ್ಲಿ ಓಡದು. ಮಸಲ್‌ಗಾಗಿಯೇ ವ್ಹೀಲ್ ಮಾಡುವ ವ್ಯವಸ್ಥೆ 2021ರಲ್ಲಿ ಬಂತು, ಆದರೆ ಎಲ್ಲ ಲೈಬ್ರರಿಗಳೂ ಅದನ್ನು ಕೊಡುವುದಿಲ್ಲ. ಕೊಡದಿದ್ದರೆ ಲೈಬ್ರರಿ ಹಾಕುವ ಸಾಧನವಾದ ಪಿಪ್ ಮೂಲ ಕೋಡನ್ನು ತಂದು ನಿಮ್ಮ ಲ್ಯಾಪ್‌ಟಾಪಿನಲ್ಲೇ ಕಂಪೈಲ್ ಮಾಡಲು ಹೊರಡುತ್ತದೆ. ಅದಕ್ಕೆ ಕಂಪೈಲರ್ ಬೇಕು, ಹೆಡರ್ ಫೈಲು ಬೇಕು, ಫ್ಯಾನ್ ಜೋರಾಗಿ ತಿರುಗುತ್ತ ಅರ್ಧ ಗಂಟೆ ಹೋದರೂ ಹೋದೀತು. ಉಳಿಸಿದ 80 ಎಂಬಿ ಅಲ್ಲೇ ಖರ್ಚಾಗುತ್ತದೆ. ಪೈಥಾನ್‌ಗೆ ಸ್ಲಿಮ್ ಸಾಕು, ಅದೇ ಸರಿ. ಡೇಟಾಬೇಸ್ ಇಮೇಜಿನಲ್ಲಿ ನಾವು ಏನನ್ನೂ ಕಂಪೈಲ್ ಮಾಡುವುದಿಲ್ಲ, ಆದ್ದರಿಂದ ಅಲ್ಲಿ ಆಲ್ಪೈನ್ ಬಳಸಬಹುದು.

ಆವೃತ್ತಿಯನ್ನು ಯಾವಾಗಲೂ ಬರೆಯಿರಿ. "ಲೇಟೆಸ್ಟ್" ಎಂದು ಬಿಟ್ಟರೆ ಇವತ್ತು ಬಂದದ್ದೇ ಮುಂದಿನ ವರ್ಷ ಬರುವುದಿಲ್ಲ. ಆಗ ಕಂಟೇನರ್ ಬಳಸಿದ ಉದ್ದೇಶವೇ ಕೆಡುತ್ತದೆ.

ಲ್ಯಾಪ್‌ಟಾಪ್ ಸಿದ್ಧಮಾಡುವುದು

ಉಬುಂಟು 24.04 ಇದ್ದರೆ ಎರಡು ಪ್ಯಾಕೇಜ್ ಸಾಕು: "ಡಾಕರ್.ಐಒ" ಮತ್ತು "ಡಾಕರ್-ಕಾಂಪೋಸ್-ವಿ2". ಉಬುಂಟುವಿನ ಇನ್‌ಸ್ಟಾಲ್ ಸಾಧನವಾದ ಎಪಿಟಿ ಮೂಲಕ ಹಾಕಿಕೊಂಡ ಮೇಲೆ ನಿಮ್ಮ ಯೂಸರ್ ಅನ್ನು ಡಾಕರ್ ಎಂಬ ಗ್ರೂಪಿಗೆ ಸೇರಿಸಿ, ಒಮ್ಮೆ ಲಾಗ್‌ಔಟ್ ಆಗಿ ಒಳಗೆ ಬನ್ನಿ. ಲಾಗ್‌ಔಟ್ ಮಾಡದೆ "ಪರ್ಮಿಶನ್ ಡಿನೈಡ್" ಎಂದು ತಲೆ ಕೆಡಿಸಿಕೊಳ್ಳುವುದು ತೀರಾ ಸಾಮಾನ್ಯ. ಡಾಕರ್ ಗ್ರೂಪಿನಲ್ಲಿರುವ ಯೂಸರ್‌ಗೆ ಆ ಯಂತ್ರದ ಮೇಲೆ ರೂಟ್‌ಗೆ, ಅಂದರೆ ಎಲ್ಲವನ್ನೂ ಬದಲಿಸಬಲ್ಲ ಯೂಸರ್‌ಗೆ, ಸಮನಾದ ಅಧಿಕಾರ ಸಿಗುತ್ತದೆ ಎಂಬುದು ನೆನಪಿರಲಿ. ಹಲವರು ಹಂಚಿಕೊಳ್ಳುವ ಲ್ಯಾಬ್ ಯಂತ್ರವಾದರೆ ರೂಟ್ ಇಲ್ಲದೆ ಓಡುವ ಪಾಡ್‌ಮನ್ ಮೇಲು.

ವಿಂಡೋಸ್‌ನಲ್ಲಿ ಲಿನಕ್ಸ್ ಕರ್ನಲ್ ಇಲ್ಲ. ಅದನ್ನು ಒದಗಿಸುವುದು ಡಬ್ಲ್ಯುಎಸ್‌ಎಲ್ 2, ವಿಂಡೋಸ್ ಒಳಗೇ ಓಡುವ ಹಗುರ ವರ್ಚುವಲ್ ಮಷೀನ್. ಡಾಕರ್‌ನವರೇ ಕೊಡುವ ಡಾಕರ್ ಡೆಸ್ಕ್‌ಟಾಪ್ ಎಂಬ ಸಿದ್ಧ ಆ್ಯಪ್ ಹಾಕಿಕೊಂಡರೂ ಅದು ಸಾಮಾನ್ಯವಾಗಿ ಇದರ ಮೇಲೆಯೇ ನಿಲ್ಲುತ್ತದೆ. ವಿದ್ಯಾರ್ಥಿಗಳಿಗೆ, ಸ್ವಂತ ಬಳಕೆಗೆ, ಸಣ್ಣ ಕಂಪನಿಗಳಿಗೆ ಡಾಕರ್ ಡೆಸ್ಕ್‌ಟಾಪ್ ಉಚಿತ. ನೌಕರರ ಸಂಖ್ಯೆ 250 ದಾಟಿದ ಅಥವಾ ವರ್ಷದ ವರಮಾನ 1 ಕೋಟಿ ಡಾಲರ್ ಮೀರಿದ ಕಂಪನಿಗಳು ಹಣ ಕಟ್ಟಬೇಕು. 8 ಜಿಬಿ ಲ್ಯಾಪ್‌ಟಾಪಿನಲ್ಲಿ ಅದನ್ನು ಬಿಟ್ಟು ಡಬ್ಲ್ಯುಎಸ್‌ಎಲ್ ಒಳಗಿನ ಉಬುಂಟುವಿನಲ್ಲೇ ಮೇಲಿನ ಎರಡು ಪ್ಯಾಕೇಜ್ ಹಾಕಿಕೊಂಡರೆ ಇನ್ನೂ ಹಗುರ.

ವಿಂಡೋಸ್‌ನವರು ಎರಡು ವಿಷಯ ಮರೆಯಬಾರದು. ಡಬ್ಲ್ಯುಎಸ್‌ಎಲ್ 2 ತಾನಾಗಿ ಯಂತ್ರದ ಅರ್ಧದಷ್ಟು ರ್‍ಯಾಮ್‌ವರೆಗೆ ತೆಗೆದುಕೊಳ್ಳಬಲ್ಲದು. ನಿಮ್ಮ ವಿಂಡೋಸ್ ಯೂಸರ್ ಫೋಲ್ಡರಿನಲ್ಲಿ "ಡಾಟ್ ಡಬ್ಲ್ಯುಎಸ್‌ಎಲ್‌ಕಾನ್ಫಿಗ್" ಎಂಬ ಫೈಲ್ ಮಾಡಿ, ಅದರಲ್ಲಿ ಮೆಮರಿ 3 ಜಿಬಿ ಎಂದು ಬರೆದು, "ಡಬ್ಲ್ಯುಎಸ್‌ಎಲ್ --ಶಟ್‌ಡೌನ್" ಕೊಟ್ಟು ಮತ್ತೆ ಶುರುಮಾಡಿ. ಬ್ರೌಸರ್‌ಗೂ ಎಡಿಟರ್‌ಗೂ ಉಸಿರಾಡಲು ಜಾಗ ಸಿಗುತ್ತದೆ. ಎರಡನೆಯದು, ಪ್ರಾಜೆಕ್ಟ್ ಫೋಲ್ಡರನ್ನು ಸಿ ಡ್ರೈವಿನಲ್ಲಿ ಇಡದೆ ಉಬುಂಟುವಿನ ಹೋಮ್ ಫೋಲ್ಡರಿನಲ್ಲೇ ಇಡಿ. ಸಿ ಡ್ರೈವಿನ ಫೈಲುಗಳನ್ನು ಲಿನಕ್ಸ್ ಕಡೆಯಿಂದ ಓದುವುದು ಬಲು ನಿಧಾನ. ಅದಕ್ಕಿಂತ ಮುಖ್ಯವಾಗಿ, ಅಲ್ಲಿ ಫೈಲ್ ಬದಲಾದ ಸುದ್ದಿ ಲಿನಕ್ಸ್ ಪ್ರೋಗ್ರಾಮ್‌ಗೆ ತಲುಪುವುದಿಲ್ಲ. ಕೋಡ್ ಸೇವ್ ಮಾಡಿದರೂ ಆ್ಯಪ್ ರೀಲೋಡ್ ಆಗದೆ ಸುಮ್ಮನಿರಬಹುದು.

ಮ್ಯಾಕ್‌ನಲ್ಲೂ ಹಿನ್ನೆಲೆಯಲ್ಲಿ ಲಿನಕ್ಸ್ ವರ್ಚುವಲ್ ಮಷೀನ್ ಒಂದು ಓಡುತ್ತದೆ; ಡಾಕರ್ ಡೆಸ್ಕ್‌ಟಾಪ್ ಬದಲು ಅದೇ ಕೆಲಸ ಮಾಡುವ ಕೊಲಿಮಾ ಎಂಬ ಸಾಧನ ಬಳಸಬಹುದು.

ಡಾಕರ್‌ಫೈಲ್: ಏಳು ಸಾಲು

ಉದಾಹರಣೆಗೆ ಬಡಾವಣೆಯ ಗ್ರಂಥಾಲಯದಲ್ಲಿ ಯಾರು ಯಾವ ಪುಸ್ತಕ ಒಯ್ದಿದ್ದಾರೆ ಎಂದು ಬರೆದಿಡುವ ಫ್ಲಾಸ್ಕ್ (ಪೈಥಾನ್‌ನಲ್ಲಿ ವೆಬ್ ಆ್ಯಪ್ ಕಟ್ಟುವ ಲೈಬ್ರರಿ) ಆ್ಯಪ್ ಒಂದಿದೆ ಎಂದುಕೊಳ್ಳಿ, ಜೊತೆಗೆ ಪೋಸ್ಟ್‌ಗ್ರೆಸ್ ಡೇಟಾಬೇಸ್. ಪ್ರಾಜೆಕ್ಟ್ ಫೋಲ್ಡರಿನಲ್ಲಿ ಡಾಕರ್‌ಫೈಲ್ ಎಂಬ ಹೆಸರಿನ, ಎಕ್ಸ್‌ಟೆನ್ಶನ್ ಇಲ್ಲದ ಫೈಲ್ ಮಾಡಿ.

ಮೊದಲ ಸಾಲು "ಫ್ರಮ್ ಪೈಥಾನ್:3.12-ಸ್ಲಿಮ್": ಬೇಸ್ ಇಮೇಜ್ ಯಾವುದು ಎಂದು ಹೇಳುತ್ತದೆ. ಎರಡನೆಯದು "ಎನ್ವ್ ಪೈಥಾನ್‌ಅನ್‌ಬಫರ್ಡ್=1": ಇದಿಲ್ಲದಿದ್ದರೆ ಕೋಡಿನಲ್ಲಿ ಹಾಕಿದ ಪ್ರಿಂಟ್ ಸಾಲುಗಳು ಲಾಗ್‌ನಲ್ಲಿ ತಡವಾಗಿ ಕಾಣುತ್ತವೆ, ಆ್ಯಪ್ ಥಟ್ಟನೆ ಬಿದ್ದರೆ ಕಾಣದೆಯೂ ಹೋಗಬಹುದು. ಮೂರನೆಯದು "ವರ್ಕ್‌ಡಿರ್ /ಆ್ಯಪ್": ಮುಂದಿನ ಕೆಲಸವೆಲ್ಲ ಈ ಫೋಲ್ಡರಿನಲ್ಲಿ.

ನಾಲ್ಕನೆಯದು ಬೇಕಾದ ಲೈಬ್ರರಿಗಳ ಪಟ್ಟಿಯಿರುವ ರಿಕ್ವೈರ್‌ಮೆಂಟ್ಸ್ ಫೈಲನ್ನು ಮಾತ್ರ ಒಳಗೆ ಕಾಪಿ ಮಾಡುತ್ತದೆ. ಐದನೆಯದು "ರನ್ ಪಿಪ್ ಇನ್‌ಸ್ಟಾಲ್", ಜೊತೆಗೆ "--ನೋ-ಕ್ಯಾಶ್-ಡಿರ್": ಡೌನ್‌ಲೋಡ್ ಆದ ಗಂಟುಗಳ ನಕಲು ಇಮೇಜಿನಲ್ಲಿ ಉಳಿಯುವುದಿಲ್ಲ. ಆರನೆಯದು ಉಳಿದ ಕೋಡನ್ನೆಲ್ಲ ಕಾಪಿ ಮಾಡುವ ಸಾಲು. ನಾಲ್ಕು ಮತ್ತು ಆರನ್ನು ಒಟ್ಟಿಗೆ ಮಾಡಬಹುದಲ್ಲ ಎನಿಸುತ್ತದೆ. ಮಾಡಿದರೆ ಟೆಂಪ್ಲೇಟಿನಲ್ಲಿ ಒಂದು ಅಲ್ಪವಿರಾಮ ತಿದ್ದಿ ಬಿಲ್ಡ್ ಕೊಟ್ಟರೂ ಲೈಬ್ರರಿಗಳೆಲ್ಲ ಹೊಸದಾಗಿ ಇನ್‌ಸ್ಟಾಲ್ ಆಗುತ್ತವೆ. ಹಿಟ್ಟು ಮೊದಲು, ಚಟ್ನಿ ಆಮೇಲೆ.

ಏಳನೆಯದು "ಸಿಎಮ್‌ಡಿ": ಕಂಟೇನರ್ ಎದ್ದಾಗ ಓಡಬೇಕಾದ ಕಮಾಂಡ್. ಇಲ್ಲಿ ಫ್ಲಾಸ್ಕ್ ರನ್, ಹೋಸ್ಟ್ 0.0.0.0 (ಕಂಟೇನರ್ ಹೊರಗಿನಿಂದ ಬರುವ ಕರೆಗೂ ಓಗೊಡು ಎಂದು), ಪೋರ್ಟ್ 8000 (ಆ ಕರೆ ಬರುವ ಬಾಗಿಲಿನ ಸಂಖ್ಯೆ), ಡಿಬಗ್. ಪ್ರತಿ ಪದವನ್ನೂ ಉದ್ಧರಣ ಚಿಹ್ನೆಯಲ್ಲಿಟ್ಟು ಚೌಕ ಆವರಣದೊಳಗೆ ಪಟ್ಟಿಯಾಗಿ ಬರೆಯಬೇಕು. ಹಾಗೆ ಬರೆದರೆ ಫ್ಲಾಸ್ಕ್ ನೇರವಾಗಿ ಓಡುತ್ತದೆ. ಸುಮ್ಮನೆ ಒಂದೇ ಸಾಲಾಗಿ ಬರೆದರೆ ನಡುವೆ ಶೆಲ್ (ಕಮಾಂಡ್ ಓದಿ ಓಡಿಸುವ ಪ್ರೋಗ್ರಾಮ್) ಒಂದು ಬಂದು ಕೂರುತ್ತದೆ, ನಿಲ್ಲು ಎಂಬ ಸಂಕೇತ ಫ್ಲಾಸ್ಕ್‌ಗೆ ಮುಟ್ಟದಿರಬಹುದು. ಆಗ ಡಾಕರ್ 10 ಸೆಕೆಂಡ್ ಕಾದು ಬಲವಂತವಾಗಿ ಕೊಲ್ಲುತ್ತದೆ. ಪ್ರತಿ ಸಲ ನಿಲ್ಲಿಸುವಾಗ ಆ 10 ಸೆಕೆಂಡ್ ತಡವಾಗುತ್ತಿದ್ದರೆ ಮೊದಲು ಈ ಸಾಲನ್ನೇ ನೋಡಿ.

ಫ್ಲಾಸ್ಕ್‌ನ ರೂಢಿಯ ಪೋರ್ಟ್ 5000. ಅದನ್ನು ಬಿಟ್ಟು 8000 ಹಿಡಿದದ್ದಕ್ಕೆ ಕಾರಣವಿದೆ: ಇತ್ತೀಚಿನ ಮ್ಯಾಕ್‌ಗಳಲ್ಲಿ ಏರ್‌ಪ್ಲೇ ಆ ಪೋರ್ಟನ್ನು ಮೊದಲೇ ಹಿಡಿದಿರುತ್ತದೆ.

ಜೊತೆಗೆ "ಡಾಟ್ ಡಾಕರ್‌ಇಗ್ನೋರ್" ಎಂಬ ಫೈಲ್. ಒಳಗೆ ಹೋಗಬಾರದ್ದನ್ನು ಸಾಲಿಗೊಂದರಂತೆ ಅದರಲ್ಲಿ ಬರೆಯಬೇಕು: ಗಿಟ್ ಫೋಲ್ಡರ್, ವರ್ಚುವಲ್ ಎನ್ವಿರಾನ್‌ಮೆಂಟ್ ಫೋಲ್ಡರ್, ಪಾಸ್‌ವರ್ಡ್ ಇರುವ ಎನ್ವ್ ಫೈಲ್. ಇದನ್ನು ಬಿಟ್ಟರೆ ನೂರಾರು ಎಂಬಿ ಸುಮ್ಮನೆ ಒಳಗೆ ಹೋಗುತ್ತದೆ, ಅದರ ಜೊತೆಗೆ ಪಾಸ್‌ವರ್ಡೂ.

ರಿಕ್ವೈರ್‌ಮೆಂಟ್ಸ್ ಫೈಲಿನಲ್ಲಿ ಪೋಸ್ಟ್‌ಗ್ರೆಸ್ ಜೊತೆ ಮಾತಾಡುವ ಡ್ರೈವರ್‌ನ ಬೈನರಿ, ಅಂದರೆ ಮೊದಲೇ ಕಂಪೈಲ್ ಆದ ರೂಪವನ್ನೇ ಬರೆಯಿರಿ. ಬೈನರಿ ಅಲ್ಲದ್ದನ್ನು ಬರೆದರೆ ಅದನ್ನು ಕಟ್ಟಲು ಬೇಕಾದ ಪೋಸ್ಟ್‌ಗ್ರೆಸ್ ಫೈಲುಗಳೂ ಕಂಪೈಲರೂ ಸ್ಲಿಮ್ ಇಮೇಜಿನಲ್ಲಿ ಇಲ್ಲದ ಕಾರಣ "ಪಿಜಿ_ಕಾನ್ಫಿಗ್ ನಾಟ್ ಫೌಂಡ್" ಎಂಬ ಎರರ್ ಬಂದು ಬಿಲ್ಡ್ ನಿಲ್ಲುತ್ತದೆ.

ಕಾಂಪೋಸ್: ಎರಡು ಮನೆ, ಒಂದು ಓಣಿ

ಆ್ಯಪ್ ಒಂದು ಕಂಟೇನರ್, ಡೇಟಾಬೇಸ್ ಇನ್ನೊಂದು. ಎರಡನ್ನೂ ಒಟ್ಟಿಗೆ ಎಬ್ಬಿಸಿ ಪರಸ್ಪರ ಪರಿಚಯ ಮಾಡಿಸುವ ಫೈಲ್ "ಕಾಂಪೋಸ್.ಯಾಮಲ್". ಇದರಲ್ಲಿ ಸಾಲಿನ ಮುಂದಿನ ಖಾಲಿ ಜಾಗಕ್ಕೂ ಅರ್ಥವಿದೆ. ಟ್ಯಾಬ್ ಒತ್ತಬಾರದು, ಸ್ಪೇಸ್ ಮಾತ್ರ. ಹಳೆಯ ಪಾಠಗಳಲ್ಲಿ ಮೊದಲ ಸಾಲಿಗೆ ವರ್ಶನ್ ಎಂದು ಇರುತ್ತದೆ, ಈಗ ಅದು ಬೇಡ. ಡಾಕರ್ ಮತ್ತು ಕಾಂಪೋಸ್ ನಡುವೆ ಅಡ್ಡಗೆರೆ ಹಾಕುವ ಹಳೆಯ ಕಮಾಂಡೂ 2023ಕ್ಕೆ ಮುಗಿದಿದೆ. ಈಗ ನಡುವೆ ಸ್ಪೇಸ್.

ಸರ್ವಿಸಸ್ ಎಂಬುದರ ಕೆಳಗೆ ವೆಬ್ ಮತ್ತು ಡಿಬಿ ಎಂದು ಎರಡು ಹೆಸರು. ವೆಬ್ ಕೆಳಗೆ ನಾಲ್ಕು ವಿಷಯ ಬರುತ್ತವೆ. ಬಿಲ್ಡ್ ಎಂದು ಬರೆದು ಚುಕ್ಕಿ ಇಟ್ಟರೆ ಇದೇ ಫೋಲ್ಡರಿನ ಡಾಕರ್‌ಫೈಲಿನಿಂದ ಕಟ್ಟಿಕೋ ಎಂದರ್ಥ. ವಾಲ್ಯೂಮ್ಸ್‌ನಲ್ಲಿ ಈ ಫೋಲ್ಡರನ್ನು ಕಂಟೇನರಿನ /ಆ್ಯಪ್ ಫೋಲ್ಡರಿಗೆ ಜೋಡಿಸಬೇಕು. ಹೀಗೆ ಮಾಡಿದರೆ ಲ್ಯಾಪ್‌ಟಾಪಿನ ಎಡಿಟರಿನಲ್ಲಿ ತಿದ್ದಿದ್ದು ಕಂಟೇನರಿನಲ್ಲಿ ಆ ಕ್ಷಣವೇ ಕಾಣುತ್ತದೆ, ಬಿಲ್ಡ್ ಮತ್ತೆ ಬೇಕಿಲ್ಲ. ಮೂರನೆಯದು ಪೋರ್ಟ್ಸ್: "127.0.0.1:8000:8000". ಬಲಗಡೆಯ 8000 ಕಂಟೇನರ್ ಒಳಗಿನ ಪೋರ್ಟ್, ನಡುವಿನದು ಲ್ಯಾಪ್‌ಟಾಪಿನದು. ಎಡಗಡೆಯ 127.0.0.1 ಅಂದರೆ ಈ ಯಂತ್ರಕ್ಕೆ ಮಾತ್ರ ಎಂಬ ವಿಳಾಸ, ಅದನ್ನು ಹೆಚ್ಚಿನವರು ಬರೆಯುವುದೇ ಇಲ್ಲ. ಬರೆಯದಿದ್ದರೆ ಆ ಪೋರ್ಟ್ ನೀವಿರುವ ನೆಟ್‌ವರ್ಕಿಗೆಲ್ಲ ತೆರೆದುಕೊಳ್ಳುತ್ತದೆ. ಉಬುಂಟುವಿನ ಯುಎಫ್‌ಡಬ್ಲ್ಯು ಫೈರ್‌ವಾಲ್ ಕೂಡ ಅದನ್ನು ತಡೆಯುವುದಿಲ್ಲ, ಏಕೆಂದರೆ ಡಾಕರ್ ತನ್ನ ನಿಯಮಗಳನ್ನು ಅದರ ಕಣ್ಣು ತಪ್ಪಿಸಿ ಹಾಕಿಕೊಳ್ಳುತ್ತದೆ. ಫ್ಲಾಸ್ಕ್‌ನ ಡಿಬಗ್ ಪುಟದಿಂದ ಕೋಡ್ ಓಡಿಸಲೂ ಬರುತ್ತದೆ, ಅದಕ್ಕೆ ಅಡ್ಡವಾಗಿರುವುದು ಒಂದು ಪಿನ್ ಮಾತ್ರ. ಕೋರಮಂಗಲದ ಕೆಫೆ ವೈಫೈಯಲ್ಲಿ, ಐವತ್ತು ಜನ ಹಂಚಿಕೊಳ್ಳುವ ಪಿಜಿ ವೈಫೈಯಲ್ಲಿ ಕೂತು ಕೆಲಸ ಮಾಡುವವರು ಈ ಒಂಬತ್ತು ಅಕ್ಷರಗಳನ್ನು ಖಂಡಿತ ಬಿಡಬಾರದು.

ನಾಲ್ಕನೆಯದು ಡಿಪೆಂಡ್ಸ್_ಆನ್: ಡೇಟಾಬೇಸ್ ಎದ್ದ ಮೇಲೆ ಆ್ಯಪ್ ಏಳಲಿ. ಬರೀ ಡಿಬಿ ಎಂದು ಬರೆದರೆ ಡೇಟಾಬೇಸ್ ಕಂಟೇನರ್ ಶುರುವಾದದ್ದನ್ನಷ್ಟೇ ನೋಡುತ್ತದೆ. ಅಂಗಡಿಯ ಶಟರ್ ಎತ್ತಿದ್ದನ್ನು ನೋಡಿ ಒಳನುಗ್ಗಿದ ಹಾಗೆ, ಗಲ್ಲಾದಲ್ಲಿ ಇನ್ನೂ ಯಾರೂ ಕೂತಿರುವುದಿಲ್ಲ. ಕಂಡೀಶನ್ ಎಂದು "ಸರ್ವಿಸ್_ಹೆಲ್ದಿ" ಬರೆಯಬೇಕು.

ಇನ್ನು ಡಿಬಿ. ಇಮೇಜ್ "ಪೋಸ್ಟ್‌ಗ್ರೆಸ್:16-ಆಲ್ಪೈನ್". ಯೂಸರ್, ಪಾಸ್‌ವರ್ಡ್, ಡೇಟಾಬೇಸ್ ಹೆಸರು ಎಂಬ ಮೂರು ಎನ್ವಿರಾನ್‌ಮೆಂಟ್ ಬೆಲೆಗಳು; ಪಾಸ್‌ವರ್ಡ್ ಕೊಡದಿದ್ದರೆ ಕಂಟೇನರ್ ಏಳುವುದೇ ಇಲ್ಲ. "ಪಿಜಿಡೇಟಾ" ಎಂಬ ಹೆಸರಿನ ವಾಲ್ಯೂಮನ್ನು /ವಾರ್/ಲಿಬ್/ಪೋಸ್ಟ್‌ಗ್ರೆಸ್‌ಕ್ಯೂಎಲ್/ಡೇಟಾ ಎಂಬಲ್ಲಿಗೆ ಜೋಡಿಸಿ, ಫೈಲಿನ ಕೊನೆಯಲ್ಲಿ ವಾಲ್ಯೂಮ್ಸ್ ಕೆಳಗೆ ಅದೇ ಹೆಸರನ್ನು ಮತ್ತೊಮ್ಮೆ ಬರೆಯಿರಿ. ಹೆಲ್ತ್‌ಚೆಕ್‌ಗೆ "ಪಿಜಿ_ಈಸ್‌ರೆಡಿ" ಕಮಾಂಡ್, 5 ಸೆಕೆಂಡಿಗೊಮ್ಮೆ, 10 ಸಲ. ಅದಕ್ಕೆ ಹೋಸ್ಟ್ 127.0.0.1 ಎಂದು ಕೊಡುವುದು ಒಳ್ಳೆಯದು: ಮೊದಲ ಸಲ ಏಳುವಾಗ ಪೋಸ್ಟ್‌ಗ್ರೆಸ್ ಒಳಗಿನ ತಯಾರಿಗಾಗಿ ತಾತ್ಕಾಲಿಕವಾಗಿ ಒಮ್ಮೆ ಎದ್ದು ಮಲಗುತ್ತದೆ. ಆಗ ಅದು ನೆಟ್‌ವರ್ಕಿನಲ್ಲಿ ಕಿವಿಗೊಟ್ಟಿರುವುದಿಲ್ಲವಾದ್ದರಿಂದ, ಹೋಸ್ಟ್ ಕೊಟ್ಟು ಕೇಳಿದರೆ ತಪ್ಪಾಗಿ "ಸಿದ್ಧ" ಎನ್ನುವುದಿಲ್ಲ. ಮೆಮರಿ ಮಿತಿಗೆ ಎರಡೂ ಕಡೆ "ಮೆಮ್_ಲಿಮಿಟ್: 512ಎಮ್" ಸಾಕು.

ಈಗ "ಡಾಕರ್ ಕಾಂಪೋಸ್ ಅಪ್ --ಬಿಲ್ಡ್". ಮೊದಲ ಸಲ ಇಮೇಜುಗಳು ಇಳಿಯುವವರೆಗೆ ಕಾಯಬೇಕು, ಆಮೇಲೆ ಕೆಲವೇ ಸೆಕೆಂಡ್. ಬ್ರೌಸರಿನಲ್ಲಿ ಲೋಕಲ್‌ಹೋಸ್ಟ್ 8000 ತೆರೆಯಿರಿ.

ಓಡದಿದ್ದಾಗ

ಬ್ರೌಸರ್ "ಪುಟ ತೆರೆಯಲಾಗುತ್ತಿಲ್ಲ" ಎಂದರೆ, ಲಾಗ್ ನೋಡಿದರೆ ಆ್ಯಪ್ ಚೆನ್ನಾಗೇ ಓಡುತ್ತಿದ್ದರೆ, ಹತ್ತಕ್ಕೆ ಒಂಬತ್ತು ಸಲ ಅದು ಹೋಸ್ಟ್ ವಿಷಯ. ಆ್ಯಪ್ 127.0.0.1ರಲ್ಲಿ ಕಿವಿಗೊಟ್ಟರೆ ಅದು ಕಂಟೇನರ್ ಒಳಗಿನವರಿಗೆ ಮಾತ್ರ ಓಗೊಡುತ್ತದೆ. ಕರೆಗಂಟೆಯ ಗುಂಡಿಯನ್ನು ಮನೆಯೊಳಗೇ ಹಾಕಿಸಿಕೊಂಡ ಹಾಗೆ. ಒಳಗೆ 0.0.0.0, ಹೊರಗಿನ ಪೋರ್ಟ್ ಸಾಲಿನಲ್ಲಿ 127.0.0.1: ಎರಡೂ ಬೇಕು, ಎರಡರ ಜಾಗ ಬೇರೆ.

ಡೇಟಾಬೇಸ್‌ಗೆ "ಕನೆಕ್ಷನ್ ರಿಫ್ಯೂಸ್ಡ್" ಬರುವುದೂ ಇದೇ ಜಾತಿಯದು. ಆ್ಯಪ್ ಸೆಟ್ಟಿಂಗಿನಲ್ಲಿ ಲೋಕಲ್‌ಹೋಸ್ಟ್ 5432 ಎಂದು ಬರೆದಿದ್ದರೆ ಅದು ತನ್ನ ಕಂಟೇನರಿನಲ್ಲೇ ಡೇಟಾಬೇಸ್ ಹುಡುಕುತ್ತದೆ. ಅಲ್ಲಿ ಸರ್ವಿಸ್ ಹೆಸರು ಬರೆಯಬೇಕು: ಡಿಬಿ, ಪೋರ್ಟ್ 5432. ಕಾಂಪೋಸ್ ಆ ಹೆಸರನ್ನೇ ವಿಳಾಸವಾಗಿ ಒದಗಿಸುತ್ತದೆ.

ಪಾಸ್‌ವರ್ಡ್ ಬದಲಿಸಿದ ಮೇಲೆ "ಆಥೆಂಟಿಕೇಶನ್ ಫೇಲ್ಡ್" ಬಂದರೆ ಗಾಬರಿಯಾಗಬೇಡಿ. ಕಾಂಪೋಸ್ ಫೈಲಿನ ಪಾಸ್‌ವರ್ಡನ್ನು ಪೋಸ್ಟ್‌ಗ್ರೆಸ್ ಓದಿ ಬಳಸುವುದು ವಾಲ್ಯೂಮ್ ಖಾಲಿ ಇರುವಾಗ, ಮೊದಲ ಸಲ ಮಾತ್ರ. ಆಮೇಲೆ ಫೈಲಿನಲ್ಲಿ ಏನೇ ತಿದ್ದಿದರೂ ಹಳೆಯದೇ ಉಳಿಯುತ್ತದೆ. ಡೇಟಾ ಬೇಡವಾದರೆ "ಡಾಕರ್ ಕಾಂಪೋಸ್ ಡೌನ್ -ವಿ" ಕೊಟ್ಟು ಹೊಸದಾಗಿ ಎಬ್ಬಿಸಿ. ಆ ಕೊನೆಯ ವಿ ವಾಲ್ಯೂಮನ್ನೇ ಅಳಿಸುತ್ತದೆ, ಕೇಳುವುದೂ ಇಲ್ಲ. ದಿನವೂ ನಿಲ್ಲಿಸಲು ಬರೀ ಡೌನ್ ಸಾಕು. ಹಾಗೆಯೇ ಪೋಸ್ಟ್‌ಗ್ರೆಸ್ 16 ಬರೆದ ವಾಲ್ಯೂಮನ್ನು 17ಕ್ಕೆ ಜೋಡಿಸಿದರೆ ಅದು ಏಳುವುದಿಲ್ಲ, ಡೇಟಾವನ್ನು ಡಂಪ್ ಮಾಡಿ ಹೊಸದರಲ್ಲಿ ತುಂಬಬೇಕು.

ಕಂಟೇನರ್ 137 ಎಂಬ ಕೋಡ್ ತೋರಿಸಿ ಸತ್ತಿದ್ದರೆ ಅದನ್ನು ಬಲವಂತವಾಗಿ ಕೊಂದಿದ್ದಾರೆ, ಹೆಚ್ಚಾಗಿ ಮೆಮರಿ ಮಿತಿ ಮೀರಿದ್ದಕ್ಕೆ. "ಡಾಕರ್ ಸ್ಟ್ಯಾಟ್ಸ್" ಕೊಟ್ಟರೆ ಯಾರು ಎಷ್ಟು ತಿನ್ನುತ್ತಿದ್ದಾರೆ ಎಂದು ಕಾಣುತ್ತದೆ.

ಕಣ್ಣೆದುರಿಗೇ ಇರುವ ಸ್ಕ್ರಿಪ್ಟ್ ಫೈಲನ್ನು ಕಂಟೇನರ್ "ನೋ ಸಚ್ ಫೈಲ್" ಎನ್ನುವುದು ವಿಂಡೋಸ್‌ನವರನ್ನು ತುಂಬಾ ಸತಾಯಿಸುವ ಎರರ್. ವಿಂಡೋಸ್‌ನಲ್ಲಿ ಗಿಟ್ ಸಾಲಿನ ಕೊನೆಗೆ ಕಣ್ಣಿಗೆ ಕಾಣದ ಒಂದು ಅಕ್ಷರ ಹೆಚ್ಚು ಸೇರಿಸುತ್ತದೆ. ಸ್ಕ್ರಿಪ್ಟಿನ ಮೊದಲ ಸಾಲು ಯಾವ ಶೆಲ್ ಬೇಕೆಂದು ಹೇಳುತ್ತದಲ್ಲ, ಆ ಹೆಸರಿನ ಬಾಲಕ್ಕೆ ಈ ಅಕ್ಷರ ಅಂಟಿಕೊಂಡು, ಅಂಥ ಶೆಲ್ ಇಲ್ಲ ಎಂದಾಗುತ್ತದೆ. ಎಡಿಟರಿನ ಕೆಳಮೂಲೆಯಲ್ಲಿ ಸಿಆರ್‌ಎಲ್‌ಎಫ್ ಎಂದಿದ್ದರೆ ಎಲ್‌ಎಫ್‌ಗೆ ಬದಲಿಸಿ.

ಲಿನಕ್ಸ್‌ನವರಿಗೆ ಇನ್ನೊಂದು ತರಲೆ: ಕಂಟೇನರ್ ಬರೆದ ಫೈಲುಗಳು ರೂಟ್ ಹೆಸರಿನಲ್ಲಿರುತ್ತವೆ, ಎಡಿಟರಿನಿಂದ ಸೇವ್ ಮಾಡಲು ಬರುವುದಿಲ್ಲ. ವೆಬ್ ಕೆಳಗೆ ಯೂಸರ್ "1000:1000" ಎಂದು ಸೇರಿಸಿ; ಉಬುಂಟುವಿನಲ್ಲಿ ಮೊದಲ ಯೂಸರ್‌ನ ಸಂಖ್ಯೆ ಸಾಮಾನ್ಯವಾಗಿ ಅದೇ.

ಲಾಗ್‌ನ ಗಡಿಯಾರ ಐದೂವರೆ ಗಂಟೆ ಹಿಂದಿದ್ದರೆ ಅದು ಯುಟಿಸಿ, ಅಂದರೆ ಜಾಗತಿಕ ಪ್ರಮಾಣ ಸಮಯ. ನೋಡಲು ಅನುಕೂಲವಾಗಲೆಂದು ಟಿಝೆಡ್ ಬೆಲೆಯನ್ನು ಏಷ್ಯಾ/ಕೋಲ್ಕತಾ ಎಂದಿಡಬಹುದು. ಡೇಟಾಬೇಸಿನೊಳಗೆ ಯುಟಿಸಿಯೇ ಇರಲಿ.

ಕನ್ನಡ ಅಕ್ಷರಗಳು ಚೌಕವಾದಾಗ

ಗ್ರಂಥಾಲಯದ ಆ್ಯಪ್ ಎರವಲು ರಸೀದಿಯನ್ನು ಪಿಡಿಎಫ್ ಮಾಡುತ್ತದೆ ಎಂದುಕೊಳ್ಳಿ. ಲ್ಯಾಪ್‌ಟಾಪಿನಲ್ಲಿ ನೇರವಾಗಿ ಓಡಿಸಿದಾಗ ಕನ್ನಡ ಸೊಗಸಾಗಿ ಮೂಡಿದ್ದು, ಕಂಟೇನರಿನಿಂದ ಬಂದ ಪಿಡಿಎಫ್‌ನಲ್ಲಿ ಬರೀ ಖಾಲಿ ಚೌಕಗಳಾಗಿರುತ್ತವೆ. ಕೋಡಿನಲ್ಲಿ ತಪ್ಪಿಲ್ಲ. ಯೂನಿಕೋಡ್ ಕೂಡ ಕೆಟ್ಟಿಲ್ಲ. ಲ್ಯಾಪ್‌ಟಾಪಿನಲ್ಲಿ ಕನ್ನಡ ಫಾಂಟ್ ಮೊದಲೇ ಇತ್ತು, ಸ್ಲಿಮ್ ಇಮೇಜಿನಲ್ಲಿ ಇಲ್ಲ, ಅಷ್ಟೇ. ಇಮೇಜಿಗೆ ಹಾಕದ್ದು ಕಂಟೇನರಿನಲ್ಲಿ ಇರುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಕಣ್ಣಿಗೆ ಹೊಡೆಯುವ ಉದಾಹರಣೆ ಸಿಗದು.

ಡೆಬಿಯನ್‌ನಲ್ಲಿ "ಫಾಂಟ್ಸ್-ಗುಬ್ಬಿ" ಎಂಬ ಪ್ಯಾಕೇಜಿನಲ್ಲಿ ಗುಬ್ಬಿ ಕನ್ನಡ ಫಾಂಟ್ ಸಿಗುತ್ತದೆ. ಡಾಕರ್‌ಫೈಲಿನಲ್ಲಿ ವರ್ಕ್‌ಡಿರ್ ಸಾಲಿನ ನಂತರ ಒಂದು ರನ್ ಸೇರಿಸಿ: ಮೊದಲು ಎಪಿಟಿ-ಗೆಟ್ ಅಪ್‌ಡೇಟ್, ಆಮೇಲೆ "--ನೋ-ಇನ್‌ಸ್ಟಾಲ್-ರೆಕಮೆಂಡ್ಸ್" ಜೊತೆಗೆ ಫಾಂಟ್ ಇನ್‌ಸ್ಟಾಲ್, ಕೊನೆಗೆ /ವಾರ್/ಲಿಬ್/ಎಪಿಟಿ/ಲಿಸ್ಟ್ಸ್ ಫೋಲ್ಡರಿನಲ್ಲಿರುವುದನ್ನು ಅಳಿಸುವುದು. ಮೂರನ್ನೂ ಒಂದೇ ರನ್‌ನಲ್ಲಿ ಜೋಡಿಸಬೇಕು. ಅಳಿಸುವುದನ್ನು ಬೇರೆ ಸಾಲಿಗೆ ಹಾಕಿದರೆ ಅದು ಬೇರೆ ಪದರವಾಗುತ್ತದೆ. ಕೆಳಗಿನ ಪದರದಲ್ಲಿ ಫೈಲುಗಳು ಹಾಗೇ ಉಳಿದು, ಮೇಲಿನ ಪದರ ಅವನ್ನು ಮರೆಮಾಡುತ್ತದೆ ಅಷ್ಟೇ. ಮೇಲೆ ಸುಣ್ಣ ಹೊಡೆದರೆ ಗೋಡೆ ತೆಳ್ಳಗಾಗುವುದಿಲ್ಲ.

ಡಿಸ್ಕ್, ಡೇಟಾ ಪ್ಯಾಕ್, ಪೆನ್‌ಡ್ರೈವ್

ಹಳೆಯ ಇಮೇಜುಗಳು ತಾವಾಗಿ ಹೋಗುವುದಿಲ್ಲ. "ಡಾಕರ್ ಸಿಸ್ಟಮ್ ಡಿಎಫ್" ಎಷ್ಟು ಜಾಗ ಹಿಡಿದಿದೆ ಎಂದು ತೋರಿಸುತ್ತದೆ, "ಡಾಕರ್ ಸಿಸ್ಟಮ್ ಪ್ರೂನ್" ನಿಂತ ಕಂಟೇನರುಗಳನ್ನೂ ಹೆಸರಿಲ್ಲದೆ ಉಳಿದ ಹಳೆಯ ಇಮೇಜುಗಳನ್ನೂ ಅಳಿಸುತ್ತದೆ. ವಿಂಡೋಸ್‌ನಲ್ಲಿ ಅಳಿಸಿದ ಮೇಲೂ ಸಿ ಡ್ರೈವ್ ಖಾಲಿಯಾದಂತೆ ಕಾಣದಿರಬಹುದು, ಡಬ್ಲ್ಯುಎಸ್‌ಎಲ್‌ನ ಡಿಸ್ಕ್ ಫೈಲ್ ಬೆಳೆದಷ್ಟು ಸುಲಭವಾಗಿ ಕುಗ್ಗುವುದಿಲ್ಲ.

ಇಮೇಜುಗಳು ಬರುವುದು ಡಾಕರ್ ಹಬ್ ಎಂಬ ಉಗ್ರಾಣದಿಂದ. ಲಾಗಿನ್ ಆಗದೆ ಇಳಿಸುವವರಿಗೆ ಅಲ್ಲಿ ಮಿತಿಯಿದೆ, ಅದನ್ನು ಎಣಿಸುವುದು ಇಂಟರ್‌ನೆಟ್ ವಿಳಾಸದ ಮೇಲೆ. ಇಡೀ ಕಾಲೇಜು ಒಂದೇ ವಿಳಾಸದಿಂದ ಹೊರಗೆ ಹೋಗುತ್ತಿದ್ದರೆ ಲ್ಯಾಬಿನಲ್ಲಿ ಅರವತ್ತು ಜನ ಒಟ್ಟಿಗೆ ಇಳಿಸಲು ಹೊರಟಾಗ "ಟೂ ಮೆನಿ ರಿಕ್ವೆಸ್ಟ್ಸ್" ಬರುತ್ತದೆ. ಉಚಿತ ಅಕೌಂಟ್ ಮಾಡಿಕೊಂಡು "ಡಾಕರ್ ಲಾಗಿನ್" ಕೊಟ್ಟರೆ ಎಣಿಕೆ ನಿಮ್ಮ ಹೆಸರಿಗೆ ಬರುತ್ತದೆ. ಅದಕ್ಕಿಂತ ಸರಳ ದಾರಿಯೂ ಇದೆ: ಒಬ್ಬರು ಇಳಿಸಿ, "ಡಾಕರ್ ಸೇವ್" ಮೂಲಕ ಇಮೇಜನ್ನು ಒಂದು ಟಾರ್ ಫೈಲ್ ಮಾಡಿ ಪೆನ್‌ಡ್ರೈವಿಗೆ ಹಾಕಲಿ, ಉಳಿದವರು "ಡಾಕರ್ ಲೋಡ್" ಮಾಡಿಕೊಳ್ಳಲಿ. ಮೊಬೈಲ್ ಹಾಟ್‌ಸ್ಪಾಟ್ ನಂಬಿಕೊಂಡವರ ದಿನದ ಡೇಟಾವೂ ಉಳಿಯುತ್ತದೆ. ಮ್ಯಾಕ್‌ನ ಎಂ ಸರಣಿಯ ಚಿಪ್ ಇರುವವರಿಗೆ ಮಾತ್ರ ಇದು ಒಗ್ಗುವುದಿಲ್ಲ. ಇಂಟೆಲ್ ಯಂತ್ರದಲ್ಲಿ ಸೇವ್ ಮಾಡಿದ ಇಮೇಜ್ ಅವರಲ್ಲಿ ನಿಧಾನವಾಗಿ ಓಡುತ್ತದೆ ಇಲ್ಲವೇ "ಎಕ್ಸೆಕ್ ಫಾರ್ಮ್ಯಾಟ್ ಎರರ್" ಕೊಡುತ್ತದೆ. ಅವರು ತಾವೇ ಇಳಿಸಿಕೊಳ್ಳಬೇಕು.

ಸರಿಯಾಗಿದೆಯೇ ಎಂದು ನೋಡುವ ಬಗೆ

ಕಟ್ಟಿದವರ ಲ್ಯಾಪ್‌ಟಾಪಿನಲ್ಲಿ ಓಡಿದ್ದನ್ನು ಲೆಕ್ಕಕ್ಕೆ ಹಿಡಿಯಬಾರದು. ಅಲ್ಲಿ ಹಳೆಯ ವಾಲ್ಯೂಮ್ ಇರುತ್ತದೆ, ಗಿಟ್‌ಗೆ ಸೇರಿಸಲು ಮರೆತ ಫೈಲ್ ಇರುತ್ತದೆ. ಬೇರೊಂದು ಹೆಸರಿನ ಹೊಸ ಫೋಲ್ಡರಿಗೆ ರೆಪೊವನ್ನು ಕ್ಲೋನ್ ಮಾಡಿ, ಅಲ್ಲಿಂದ ಕಾಂಪೋಸ್ ಅಪ್ ಕೊಡಿ. ಕಾಂಪೋಸ್ ಫೋಲ್ಡರಿನ ಹೆಸರಿನ ಮೇಲೆ ವಾಲ್ಯೂಮ್‌ಗೆ ಹೆಸರಿಡುವುದರಿಂದ ಡೇಟಾಬೇಸ್ ಕೂಡ ಖಾಲಿಯಿಂದಲೇ ಶುರುವಾಗುತ್ತದೆ. ಹಳೆಯ ಫೋಲ್ಡರಿನಲ್ಲಿ ಓಡುತ್ತಿರುವುದನ್ನು ಮೊದಲು ನಿಲ್ಲಿಸಿ, ಇಲ್ಲವಾದರೆ 8000 ಪೋರ್ಟ್ ಸಿಗದು. ಟೇಬಲ್ ಮಾಡುವ ಕಮಾಂಡನ್ನು ಕೈಯಾರೆ ಕೊಡಬೇಕಾಯಿತೇ? ಎನ್ವ್ ಫೈಲ್ ಇಲ್ಲವೆಂದು ಆ್ಯಪ್ ಬಿತ್ತೇ? ಪಾಸ್‌ವರ್ಡ್ ಇಲ್ಲದ ಮಾದರಿ ಎನ್ವ್ ಫೈಲ್ ಒಂದನ್ನು ರೆಪೊಗೆ ಹಾಕಿ, ಟೇಬಲ್ ಮಾಡುವ ಕೆಲಸವನ್ನು ಆ್ಯಪ್ ಏಳುವ ಕಮಾಂಡಿಗೇ ಸೇರಿಸಿ, ಆ ಫೋಲ್ಡರನ್ನು ಅಳಿಸಿ, ಮತ್ತೊಮ್ಮೆ ಕ್ಲೋನ್ ಮಾಡಿ ನೋಡಿ.